ಒಂದು ಪುಸ್ತಕ, ಮೂರು ಪಾಲು

ಒಂದೇ ಒಂದು ಪ್ರತಿಯಾಗಿರುವ ಪುಸ್ತಕದ ಬೆಲೆ ಮನೆಯವರಿಗೆ ಗೊತ್ತಾಗುವುದು ಅದು ಕೈತಪ್ಪಿ ಹೋಗುವ ಹೊತ್ತಿಗೆ. ಕತ್ರಿಗುಪ್ಪೆಯ ಮೇಷ್ಟರಿಗೆ ಅದು ಗೊತ್ತಾದುದು ಒಂದು ಮಳೆಯ ರಾತ್ರಿ, ಎರಡು ಗಂಟೆಯ ಸುಮಾರಿಗೆ.

ಕತ್ರಿಗುಪ್ಪೆ ಎಂಬ ಹೆಸರು ಮಾತ್ರ ಇನ್ನೂ ಹಳ್ಳಿಯದು. ಬನಶಂಕರಿ ಮೂರನೆಯ ಹಂತದ ಬೀದಿಗಳು ಬಂದು, ಹೊರವರ್ತುಲ ರಸ್ತೆ ಬಂದು, ಹಳ್ಳಿಯು ಬೆಂಗಳೂರಿನೊಳಗೆ ಕರಗಿಹೋಗಿ ಬಹುಕಾಲವಾಯಿತು. ದೊಡ್ಡ ರಸ್ತೆಯಲ್ಲಿ ಹಗಲಿರುಳೂ ಗಾಡಿಗಳ ಮೊರೆತ. ಒಳಗಿನ ಅಡ್ಡರಸ್ತೆಗಳಲ್ಲಿ ಮಾತ್ರ ಬೆಳಗಿನ ರಂಗೋಲಿಯೂ ಸೊಪ್ಪು ಮಾರುವವಳ ಕೂಗೂ ಉಳಿದುಕೊಂಡಿವೆ. ಅಂಥದೊಂದು ಅಡ್ಡರಸ್ತೆಯ ಇಳಿಜಾರಿನ ತುದಿಯಲ್ಲಿ ಮೇಷ್ಟರ ಮನೆ. ಮೂವತ್ತು ವರುಷಕ್ಕೂ ಮಿಕ್ಕು ಪ್ರೌಢಶಾಲೆಯ ಮಕ್ಕಳಿಗೆ ಗಣಿತ ಹೇಳಿ ನಿವೃತ್ತರಾದವರು. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಅವರೊಬ್ಬರೇ. ಹಿರಿಯ ಮಗ ಅಮೆರಿಕದಲ್ಲಿದ್ದಾನೆ, ಮಗಳು ಮೈಸೂರಿನಲ್ಲಿ, ಕಿರಿಯ ಮಗ ಇದೇ ಊರಿನ ಇನ್ನೊಂದು ಬಡಾವಣೆಯಲ್ಲಿ. ಈ ಮನೆಯ ಪಾಲಿನ ಮಾತು ಒಮ್ಮೆ ಎದ್ದು, ಅಣ್ಣತಮ್ಮಂದಿರಿಗೆ ಮಾತು ನಿಂತು ನಾಲ್ಕು ವರುಷ. ಅಣ್ಣನ ಕ್ಷೇಮವನ್ನು ತಮ್ಮನು ಅಕ್ಕನಿಂದ ಕೂಡ ಕೇಳಿ ತಿಳಿಯುವುದಿಲ್ಲ.

ಆ ರಾತ್ರಿ ಬೀದಿಯ ನೀರು ಹೊಸ್ತಿಲು ದಾಟಿ ಒಳಗೆ ಬಂದಿತು. ಕಾಲಿಗೆ ತಣ್ಣಗೆ ತಗಲಿ ಮೇಷ್ಟರು ಎಚ್ಚತ್ತರು. ದೀಪ ಹಾಕಿ ಮೊದಲು ಅವರು ಧಾವಿಸಿದ್ದು ಮನೆಯ ಪತ್ರಗಳಿದ್ದ ಪೆಟ್ಟಿಗೆಗಲ್ಲ, ಬೀರುವಿನ ಕೆಳಗಣ ಅರೆಗೆ. ಅಲ್ಲಿ ಒಂದು ಕೆಂಪು ರಟ್ಟಿನ ದಪ್ಪ ಲೆಕ್ಕದ ಪುಸ್ತಕವಿತ್ತು. ಅದರ ಅಂಚು ಅಷ್ಟರಲ್ಲೇ ನೆನೆದು ರಟ್ಟಿನ ಬಣ್ಣ ಹಾಳೆಗಳಿಗೆ ಇಳಿದಿದ್ದಿತು.

ಅದು ಅವರ ಹೆಂಡತಿಯ ಪುಸ್ತಕ. ಹಾಲಿನವನ ಲೆಕ್ಕದಿಂದ ಆರಂಭವಾಗುತ್ತದೆ. ಹುಳಿಪುಡಿಗೆ ಯಾವ ಸಾಮಾನು ಎಷ್ಟು ಎಂಬುದಿದೆ. ತವರಿನಲ್ಲಿ ಕಲಿತ ಹಸೆಹಾಡು, ಉರುಟಣೆಯ ಹಾಡು, ಬೀಗರ ಹಾಡುಗಳಿವೆ. ಅವುಗಳಲ್ಲಿ ಕೆಲವನ್ನು ಇನ್ನೆಲ್ಲಿಯೂ ಕೇಳಿದವರಿಲ್ಲ. ಆಮೇಲೆ, ಪುಸ್ತಕದ ಮೂರನೆಯ ಒಂದು ಭಾಗದಷ್ಟು ಹಾಳೆಗಳನ್ನು ಒಟ್ಟಿಗೆ ಸೇರಿಸಿ ಕಪ್ಪು ನೂಲಿನಿಂದ ಹೊಲಿದುಬಿಟ್ಟಿದ್ದಾರೆ. ಕಾಯಿಲೆಯ ಕೊನೆಯ ವಾರ, ದಿಂಬಿಗೊರಗಿ ಕುಳಿತು, ಕಣ್ಣು ಮಂಜಾಗಿದ್ದರೂ ತಾವೇ ಹೊಲಿದದ್ದು. ಹೊಲಿದು ಮುಗಿಸಿ ಅವರು ಹೇಳಿದರು: “ಇದನ್ನು ಮಕ್ಕಳು ಓದಲಿ. ಆದರೆ ಒಬ್ಬೊಬ್ಬರೇ ಓದುವುದು ಬೇಡ.” ಮೇಷ್ಟರು “ನಾನು?” ಎಂದು ಕೇಳಿದರು. “ನಿಮಗೆ ಗೊತ್ತಿಲ್ಲದ್ದು ಇದರಲ್ಲಿ ಏನಿದೆ?” ಎಂದಷ್ಟೇ ಉತ್ತರ ಬಂದಿತು. ಅದು ಅಪ್ಪಣೆಯೋ ನಿಷೇಧವೋ ಮೇಷ್ಟರಿಗೆ ಇಂದಿಗೂ ನಿಶ್ಚಯವಾಗಿಲ್ಲ. ಅವರು ನೂಲನ್ನು ಮುಟ್ಟಲಿಲ್ಲ.

ಒಬ್ಬೊಬ್ಬರೇ ಏಕೆ ಬೇಡವೆಂಬುದು ಮಾತ್ರ ಅವರಿಗೆ ಚೆನ್ನಾಗಿ ತಿಳಿದಿತ್ತು. ತಾಯಿಯ ಮಾತನ್ನು ಒಬ್ಬನು ಮೊದಲು ಓದಿದರೆ ಉಳಿದವರಿಗೆ ದೊರೆಯುವುದು ಅವನು ಹೇಳಿದ ಮಾತು. ನಡುವಣ ಒಂದು ವಾಕ್ಯವನ್ನು ಕಿತ್ತುಕೊಂಡು ಹೋಗಿ ಬೀಸಿದರೆ ಅದು ಕತ್ತಿಯಾಗುತ್ತದೆ. ಜೊತೆಯಲ್ಲಿ ಕುಳಿತು ಓದಿದರೆ ಅದೇ ವಾಕ್ಯಕ್ಕೆ ಹಿಂದೆ ಮುಂದೆ ಇರುವುದೂ ಕಾಣುತ್ತದೆ.

ಬೆಳಗಾಗುವವರೆಗೂ ಮೇಷ್ಟರು ಹಾಳೆಗಳನ್ನು ಒಂದೊಂದಾಗಿ ಬಿಡಿಸಿ ಫ್ಯಾನಿನ ಗಾಳಿಗೆ ಹಿಡಿದರು. ಹೊಲಿದ ಭಾಗಕ್ಕೆ ನೀರು ತಗಲಿರಲಿಲ್ಲ. ಉರುಟಣೆಯ ಹಾಡೊಂದರಲ್ಲಿ ಎರಡು ಸಾಲು ಮಸಿಯೊಡನೆ ಕರಗಿಹೋಗಿದ್ದುವು. ಆ ಎರಡು ಸಾಲನ್ನು ಇನ್ನು ಹೇಳಬಲ್ಲವರು ಯಾರೂ ಇಲ್ಲ.

ಎರಡು ಸಾಲು ಹೋದುದಕ್ಕೆ ಒಂದು ಮನೆ ದುಃಖಪಟ್ಟಿತು. ಕನ್ನಡ ನಾಡು ಹೀಗೆ ಎಷ್ಟು ಕಳೆದುಕೊಂಡಿದೆ ಎಂಬುದನ್ನು ಲೆಕ್ಕಹಾಕುವುದೇ ಕಷ್ಟ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ತನಗಿಂತ ಹಿಂದಿನ ಕನ್ನಡ ಕವಿಗಳ ಹೆಸರುಗಳನ್ನು ಹೇಳುತ್ತದೆ. ಹೆಸರು ಉಳಿದಿದೆ, ಗ್ರಂಥ ಸಿಕ್ಕಿಲ್ಲ. ಪೊನ್ನನು ಶಾಂತಿಪುರಾಣವನ್ನೂ ಬರೆದನು, ಭುವನೈಕರಾಮಾಭ್ಯುದಯವನ್ನೂ ಬರೆದನು. ಮೊದಲನೆಯದನ್ನು ಇಂದು ಓದಬಹುದು, ಎರಡನೆಯದು ದೊರೆತಿಲ್ಲ. ರನ್ನನ ಗದಾಯುದ್ಧವೂ ೯೯೩ರ ಅಜಿತಪುರಾಣವೂ ಉಳಿದಿವೆ, ಪರಶುರಾಮಚರಿತವು ಹೋಯಿತು. ಯಾವುದು ಏಕೆ ಉಳಿಯಿತೆಂದು ಎಲ್ಲ ಕಡೆಯೂ ಹೇಳಲಾಗದು. ಆದರೆ ಶಾಂತಿಪುರಾಣದ ಮಟ್ಟಿಗೆ ಒಂದು ಸಂಗತಿ ಪ್ರಸಿದ್ಧವಾಗಿದೆ: ಅತ್ತಿಮಬ್ಬೆಯು ಅದರ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಅಚ್ಚಿನ ಯಂತ್ರವಿಲ್ಲದ ಕಾಲ. ಒಂದೊಂದು ಓಲೆಯನ್ನೂ ಲಿಪಿಕಾರನು ಕಂಟದಿಂದ ಕೊರೆದು ಮಸಿ ತೀಡಬೇಕು. ಅಂಥ ಸಾವಿರ ಕಟ್ಟುಗಳು! ಬೆಂಕಿ, ಗೆದ್ದಲು, ದಂಡು, ಮರೆವು ಎಲ್ಲವೂ ಸೇರಿ ಒಂಬೈನೂರ ತೊಂಬತ್ತೊಂಬತ್ತನ್ನು ತಿಂದರೂ ಒಂದು ಉಳಿದೀತೆಂಬುದು ಅದರ ಹಿಂದಿರುವ ಲೆಕ್ಕ. ಕೆಡುವುದು ನಿಶ್ಚಯ, ಎಲ್ಲವೂ ಒಂದೇ ದಿನ ಕೆಡುವುದು ಮಾತ್ರ ಅಪರೂಪ.

ಇದಕ್ಕೆ ಇನ್ನೊಂದು ಪಕ್ಕವೂ ಉಂಟು. ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲ, ಜಯಧವಲ, ಮಹಾಧವಲಗಳೆಂಬ ಆಗಮಗ್ರಂಥಗಳ ಓಲೆಗಳು ಹಳಗನ್ನಡ ಲಿಪಿಯಲ್ಲಿ ಉಳಿದಿದ್ದುವು, ಬೇರೆಲ್ಲಿಯೂ ಇರಲಿಲ್ಲ. ಅವನ್ನು ಕಾದವರು ಶತಮಾನಗಳ ಕಾಲ ಕಾದರು. ಯಾತ್ರಿಕರಿಗೆ ದರ್ಶನ ದೊರೆಯುತ್ತಿತ್ತು, ಪಠನ ದೊರೆಯುತ್ತಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ, ಓಲೆಗಳು ಶಿಥಿಲವಾಗುತ್ತಿದ್ದುದನ್ನು ಕಂಡು, ನಕಲು ಮಾಡಿಸುವ ಏರ್ಪಾಡಾಯಿತು. ಆದರೆ ನಕಲು ಊರು ಬಿಟ್ಟು ಹೋಗತಕ್ಕದ್ದಲ್ಲ. ಕೆಲಸ ದಶಕಗಳ ಕಾಲ ನಡೆಯಿತು. ನಕಲು ಮಾಡುತ್ತಿದ್ದವರಲ್ಲೊಬ್ಬರು ಮರೆಯಲ್ಲಿ ಇನ್ನೊಂದು ನಕಲನ್ನೂ ಮಾಡಿಕೊಂಡರು. ಅದು ಉತ್ತರ ದೇಶಕ್ಕೆ ಹೋಯಿತು. ೧೯೩೯ರಿಂದ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲವು ಅಚ್ಚಾಗತೊಡಗಿತು. ಕಾವಲಿನವರ ನಿಷ್ಠೆಯಿಂದ ಗ್ರಂಥ ಉಳಿಯಿತು. ಒಬ್ಬರ ಮಾತು ಮುರಿದುದರಿಂದ ಅದು ಲೋಕಕ್ಕೆ ದೊರೆಯಿತು. ಇದರಲ್ಲಿ ಯಾರನ್ನು ಹೊಗಳುವುದು, ಯಾರನ್ನು ತೆಗಳುವುದು? ಮೇಷ್ಟರು ಗಮನಿಸಿದ್ದು ಬೇರೊಂದನ್ನು. ನೂರಾರು ವರುಷ ಹೊರಗೆ ಬಾರದ ಗುಟ್ಟು ಹೊರಗೆ ಬಂದುದು ಅದನ್ನು ನಕಲು ಮಾಡುವಾಗ. ಉಳಿಸಲೆಂದು ಕೈಯಿಟ್ಟ ಗಳಿಗೆಯೇ ಸೋರುವ ಗಳಿಗೆಯೂ ಆಯಿತು.

ಮುಂದಿನ ಭಾನುವಾರ ಮೇಷ್ಟರ ತಂಗಿಯ ಮೊಮ್ಮಗ ನೋಡಿಹೋಗಲು ಬಂದನು. ಈ ಹುಡುಗನಿಗೆ ಊರಿನ ಒಂದು ಕಂಪನಿಯಲ್ಲಿ ಕೆಲಸ. ಪರರ ಮಾಹಿತಿಯನ್ನು ಕಂಪ್ಯೂಟರುಗಳ ದೊಡ್ಡ ಸಾಲುಗಳಲ್ಲಿ ಕೆಡದಂತೆ ಇಟ್ಟು ಕಾಯುವುದೇ ಅವನ ಉದ್ಯೋಗ. ಗೋಡೆಯ ಮೇಲಿನ ನೀರಿನ ಗೆರೆಯನ್ನೂ ಒಣಗಲು ಹಾಕಿದ್ದ ಪುಸ್ತಕವನ್ನೂ ಕಂಡು ಅವನು ಹೇಳಿದನು: “ತಾತ, ನಮ್ಮಲ್ಲಿಯೂ ದಿನವೂ ಇದೇ ಪಾಡು. ಯಂತ್ರ ಕೆಡುವುದನ್ನು ನಾವು ವಿಶೇಷವೆಂದು ತಿಳಿಯುವುದೇ ಇಲ್ಲ.”

ಅವನು ವಿವರಿಸಿದುದರ ಸಾರವಿಷ್ಟು. ಸಾವಿರಾರು ಯಂತ್ರಗಳು ಒಂದು ಕಡೆ ಸೇರಿದರೆ ಅವುಗಳಲ್ಲಿ ಯಾವುದಾದರೊಂದು ಕೆಟ್ಟೇ ಇರುತ್ತದೆ. ೨೦೦೩ರಲ್ಲಿ ಗೂಗಲ್ ಕಂಪನಿಯ ಎಂಜಿನಿಯರುಗಳು ತಮ್ಮ ಏರ್ಪಾಡನ್ನು ಪ್ರಕಟಿಸಿದಾಗ ಈ ಮಾತನ್ನೇ ಬುನಾದಿಯಾಗಿ ಹಿಡಿದಿದ್ದರು. ಕಡತವನ್ನು ೬೪ ಮೆಗಾಬೈಟಿನ ತುಂಡುಗಳಾಗಿ ಕತ್ತರಿಸಿ, ಒಂದೊಂದು ತುಂಡನ್ನೂ ಸಾಧಾರಣವಾಗಿ ಮೂರು ಯಂತ್ರಗಳಲ್ಲಿ ಇಡುವುದು. ಮೂರೂ ಒಂದೇ ಸಾಲಿನಲ್ಲಿರದಂತೆ ನೋಡಿಕೊಳ್ಳುವುದು. ಒಂದು ಕೆಟ್ಟೊಡನೆ ಉಳಿದ ಎರಡರಿಂದ ಇನ್ನೊಂದನ್ನು ಮಾಡಿಕೊಳ್ಳುವುದು.

“ಅತ್ತಿಮಬ್ಬೆ ಸಾವಿರ ಮಾಡಿಸಿದಳು, ನೀವು ಮೂರಕ್ಕೇ ನಿಲ್ಲಿಸಿದಿರಿ” ಎಂದರು ಮೇಷ್ಟರು.

“ಅವಳ ಪ್ರತಿ ಹೋದರೆ ಇನ್ನೊಂದು ಮಾಡುವವರು ಕಾದು ಕುಳಿತಿರಲಿಲ್ಲ, ತಾತ. ನಮ್ಮ ಯಂತ್ರ ಕಾದಿರುತ್ತದೆ. ಆದರೂ ಮೂರು ಪಟ್ಟು ಜಾಗವೆಂದರೆ ಖರ್ಚು ಹೆಚ್ಚು. ಅದಕ್ಕೆ ಒಂದು ಉಪಾಯವಿದೆ” ಎಂದು ಹುಡುಗನು ಕಾಗದದ ಮೇಲೆ ಮೂರು ಗೂಡುಗಳನ್ನು ಬರೆದನು. ಒಂದರಲ್ಲಿ ೮, ಎರಡನೆಯದರಲ್ಲಿ ೫, ಮೂರನೆಯದರಲ್ಲಿ ಅವುಗಳ ಮೊತ್ತ ೧೩. ಯಾವ ಗೂಡು ಸುಟ್ಟರೂ ಉಳಿದ ಎರಡರಿಂದ ಅದನ್ನು ಹೇಳಬಹುದು. ಎರಡು ಸಂಖ್ಯೆಗಳಿಗೆ ಎರಡೆರಡು ನಕಲಾದರೆ ನಾಲ್ಕು ಗೂಡು ಬೇಕು. ಇಲ್ಲಿ ಮೂರು ಸಾಕು. ಈ ಜಾಣತನವನ್ನು ೧೯೬೦ರಲ್ಲಿ ರೀಡ್ ಮತ್ತು ಸಾಲೊಮನ್ ಎಂಬ ಗಣಿತಜ್ಞರು ಎಷ್ಟು ಗೂಡುಗಳಿಗೆ ಬೇಕಾದರೂ ಹೊಂದುವಂತೆ ಬೆಳೆಸಿದರು. ಹತ್ತು ತುಂಡಿಗೆ ನಾಲ್ಕು ಹೆಚ್ಚುವರಿ ತುಂಡು ಕಟ್ಟಿದರೆ ಹದಿನಾಲ್ಕರಲ್ಲಿ ಯಾವ ನಾಲ್ಕು ಹೋದರೂ ಚಿಂತೆಯಿಲ್ಲ. ಜಾಗವು ಮೂರು ಪಟ್ಟಲ್ಲ, ಒಂದೂ ನಾಲ್ಕು ದಶಾಂಶ ಪಟ್ಟು.

ಇದರಲ್ಲಿಯೂ ಒಂದು ತೊಡಕುಂಟು. ಒಂದು ತುಂಡು ಕೆಟ್ಟರೆ ಅದನ್ನು ಮತ್ತೆ ಕಟ್ಟಲು ಹತ್ತು ಕಡೆಯಿಂದ ಹತ್ತು ತುಂಡು ತರಿಸಬೇಕು. ಒಂದು ಇಟ್ಟಿಗೆಗಾಗಿ ಹತ್ತು ಗಾಡಿ ಓಡಿಸಿದಂತೆ. ಫೇಸ್‌ಬುಕ್ ಕಂಪನಿಯ ಒಂದು ಉಗ್ರಾಣದಲ್ಲಿ ಹೀಗೆ ರಿಪೇರಿಗೆಂದೇ ಸಾಧಾರಣವಾದೊಂದು ದಿನದಲ್ಲಿ ೧೮೦ ಟೆರಾಬೈಟಿಗೂ ಮಿಕ್ಕ ಸಾಗಾಟ ನಡೆಯುತ್ತದೆಂದು ೨೦೧೩ರ ಒಂದು ಅಧ್ಯಯನ ತೋರಿಸಿತು. ಇಂಥ ರಿಪೇರಿಯ ಸಾಗಾಟವನ್ನು ತಗ್ಗಿಸುವ ಕೆಲಸದಲ್ಲಿ ಬೆಂಗಳೂರಿನವರ ಕೈ ದೊಡ್ಡದು. ಊರಿನ ಹಳಬರು ಟಾಟಾ ಇನ್‌ಸ್ಟಿಟ್ಯೂಟೆಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ. ವಿ. ರಶ್ಮಿ, ನಿಹಾರ್ ಷಾ, ಪಿ. ವಿಜಯ್ ಕುಮಾರ್ ಎಂಬ ಮೂವರು ೨೦೧೧ರಲ್ಲಿ ಇದಕ್ಕೊಂದು ಸೊಗಸಾದ ರಚನೆಯನ್ನು ಪ್ರಕಟಿಸಿದರು. ನೆರವಿಗೆ ಬರುವ ಯಂತ್ರಗಳು ತಮ್ಮಲ್ಲಿರುವ ತುಂಡನ್ನು ಇಡಿಯಾಗಿ ಕಳಿಸುವುದಿಲ್ಲ. ಅದರಿಂದ ಲೆಕ್ಕಹಾಕಿ ತೆಗೆದ ಒಂದು ಚಿಕ್ಕ ಸಾರವನ್ನು ಮಾತ್ರ ಕಳಿಸುತ್ತವೆ. ಸಾರಗಳೆಲ್ಲ ಸೇರಿದಾಗ ಕೆಟ್ಟ ತುಂಡು ಇದ್ದಂತೆಯೇ ಮತ್ತೆ ಹುಟ್ಟುತ್ತದೆ. ಅದೇ ವರುಷ ಅವರು ಇನ್ನೊಂದು ಪ್ರಶ್ನೆಯನ್ನೂ ಎತ್ತಿಕೊಂಡರು: ರಿಪೇರಿಯ ಹೊತ್ತಿನಲ್ಲಿ ದಾರಿಯಲ್ಲಿ ಹೊಂಚುಹಾಕಿ ಕೇಳುವವನಿದ್ದರೆ? ಅವನ ಕಿವಿಗೆ ಬೀಳುವ ಗೂಡುಗಳ ಸಂಖ್ಯೆ ಮಿತಿಯೊಳಗಿದ್ದರೆ, ಎಷ್ಟೇ ಕೇಳಿಸಿಕೊಂಡರೂ ಒಳಗಿನದು ಅವನಿಗೆ ತಿಳಿಯದಂತೆ ಕಟ್ಟಬಹುದೆಂದು ತೋರಿಸಿದರು. ಮೇಷ್ಟರಿಗೆ ಮೂಡಬಿದಿರೆ ನೆನಪಾಯಿತು.

“ಹಾಗಾದರೆ ಮೂರು ಮಕ್ಕಳಿಗೆ ಮೂರು ನಕಲು ಕೊಡು ಎನ್ನುತ್ತೀಯೇನಪ್ಪ?”

“ಹಾಡಿಗೆ ಮೂರೇಕೆ, ಮುನ್ನೂರು ಕೊಡಿ. ಈ ಹೊಲಿದಿರುವುದಕ್ಕೆ ಬೇಡ.”

ಹುಡುಗನು ಹೇಳಿದುದು ಸರಿಯಾಗಿತ್ತು. ಒಂದೊಂದು ನಕಲೂ ನಾಶಕ್ಕೆ ಅಡ್ಡವಾದ ಒಂದೊಂದು ಗೋಡೆ. ಕಳ್ಳನಿಗೆ ಒಂದೊಂದು ಬಾಗಿಲು. ಉಳಿಯಬೇಕಾದುದನ್ನು ಹಂಚಬೇಕು, ಗುಟ್ಟಾಗಿರಬೇಕಾದುದನ್ನು ಹಂಚಬಾರದು. ಎರಡೂ ಬೇಕಾದವನು ಏನು ಮಾಡಬೇಕು? ಗುಟ್ಟೆಂದೊಡನೆ ಅದರಲ್ಲಿ ಕೆಟ್ಟದ್ದೇನೋ ಇರಬೇಕೆಂದು ತಿಳಿಯುವವರುಂಟು. ಹಾಗಲ್ಲ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, ೨೦೧೭ರ ಆಗಸ್ಟ್ ೨೪ರಂದು, ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರೂ ಒಮ್ಮತದಿಂದ ಹೇಳಿದುದು ಇದನ್ನೇ: ತನ್ನ ಬಾಳಿನಲ್ಲಿ ತನ್ನದಾಗಿಯೇ ಇರತಕ್ಕ ಒಂದು ಭಾಗ ಮನುಷ್ಯನಿಗೆ ಮೂಲಭೂತವಾದ ಹಕ್ಕು. ಮೇಷ್ಟರ ಹೆಂಡತಿ ಅದನ್ನು ಕಪ್ಪು ನೂಲಿನಿಂದ ಹೇಳಿದ್ದರು.

ಹುಡುಗನ ಕಾಗದದ ಮೇಲಿನ ೮, ೫, ೧೩ ಈ ಕೆಲಸಕ್ಕೆ ಆಗುವುದಿಲ್ಲ. ಮೊದಲ ಗೂಡು ದೊರೆತವನಿಗೆ ೮ ದೊರೆತೇ ಹೋಯಿತು. ಅರ್ಧ ಪತ್ರವನ್ನು ಓದಿದಂತೆ. ಬೇಕಾದುದು ಬೇರೆ ಬಗೆಯ ಪಾಲು: ಒಂದು ಪಾಲಿನಿಂದ ಏನೂ ತಿಳಿಯಬಾರದು, ಎರಡರಿಂದ ಎಲ್ಲವೂ ತಿಳಿಯಬೇಕು. ಇಂಥ ಪಾಲನ್ನು ೧೯೭೯ರಲ್ಲಿ ಆದಿ ಶಮೀರ್ ಎಂಬವರೂ, ಅವರ ಪರಿಚಯವಿಲ್ಲದೆಯೇ ಬ್ಲೇಕ್ಲಿ ಎಂಬವರೂ ಕಂಡುಹಿಡಿದರು. ಶಮೀರರ ದಾರಿ ಗಣಿತದ ಮೇಷ್ಟರಿಗೆ ಎರಡು ಮಾತಿನಲ್ಲಿ ತಿಳಿಯತಕ್ಕದ್ದು. ವಾಚಕರಿಗೆ ಮೂರು ಮಾತು ಬೇಕಾಗಬಹುದು.

ಮುಚ್ಚಿಡಬೇಕಾದ ಸಂಖ್ಯೆ ೧೨ ಎಂದಿರಲಿ. ಅದನ್ನು ಸೊನ್ನೆಯ ಮನೆಯಲ್ಲಿ ಕೂರಿಸಿ. ಯಾರಿಗೂ ಹೇಳದೆ ಮನಸ್ಸಿನಲ್ಲಿ ಇನ್ನೊಂದು ಸಂಖ್ಯೆಯನ್ನು ಹಿಡಿಯಿರಿ. ಅದು ೫ ಎಂದಿರಲಿ. ಒಂದೊಂದು ಮನೆ ಮುಂದೆ ಹೋದಂತೆ ಐದೈದು ಏರಿಸಿ. ಒಂದನೆಯ ಮನೆಗೆ ೧೭, ಎರಡನೆಯದಕ್ಕೆ ೨೨, ಮೂರನೆಯದಕ್ಕೆ ೨೭. ಈ ಮೂರನ್ನು ಮೂವರಿಗೆ ಕೊಟ್ಟು ೧೨ನ್ನೂ ೫ನ್ನೂ ಅಳಿಸಿಬಿಡಿ. ಒಂದನೆಯವನೂ ಮೂರನೆಯವನೂ ಸೇರಿದರೆ, ಎರಡು ಹೆಜ್ಜೆಗೆ ಹತ್ತು ಏರಿದೆ, ಹೆಜ್ಜೆಗೆ ಐದು, ೧೭ರಿಂದ ಒಂದು ಹೆಜ್ಜೆ ಹಿಂದಕ್ಕೆ ೧೨, ಎಂದು ತಿಳಿದುಹೋಗುತ್ತದೆ. ಯಾವ ಇಬ್ಬರು ಸೇರಿದರೂ ಹೀಗೆಯೇ. ಒಬ್ಬನೇ ೧೭ನ್ನು ಹಿಡಿದು ಎಷ್ಟು ಹೊತ್ತು ಕುಳಿತರೂ ಏರಿಕೆ ಎಷ್ಟೆಂದು ಅವನಿಗೆ ತಿಳಿಯದು. ಆದುದರಿಂದ ಸೊನ್ನೆಯ ಮನೆಯಲ್ಲಿ ಯಾವ ಸಂಖ್ಯೆ ಬೇಕಾದರೂ ಇರಬಹುದು. ಒಂದು ಬಿಂದುವಿನ ಮೂಲಕ ಎಷ್ಟು ಗೆರೆ ಬೇಕಾದರೂ ಎಳೆಯಬಹುದು. ಎರಡು ಬಿಂದುಗಳಿದ್ದರೆ ಒಂದೇ ಗೆರೆ. ನಿಜವಾದ ಕೆಲಸದಲ್ಲಿ ಇದನ್ನು ಗಡಿಯಾರದ ಲೆಕ್ಕದಂತೆ, ಒಂದು ದೊಡ್ಡ ಅವಿಭಾಜ್ಯ ಸಂಖ್ಯೆಯನ್ನು ಮುಟ್ಟಿದೊಡನೆ ಮತ್ತೆ ಸೊನ್ನೆಗೆ ಬರುವಂತೆ, ಮಾಡುತ್ತಾರೆ. ಆಗ ‘ಸುಮಾರು ಇಷ್ಟಿರಬಹುದು’ ಎಂಬ ಊಹೆಗೂ ಆಸ್ಪದವಿರುವುದಿಲ್ಲ. ಎಷ್ಟೇ ದೊಡ್ಡ ಯಂತ್ರ ಬಂದರೂ ಈ ಮಾತು ಕೆಡುವುದಿಲ್ಲ. ಇಲ್ಲದ ಸುದ್ದಿಯನ್ನು ಯಾವ ಯಂತ್ರವೂ ಹುಟ್ಟಿಸಲಾರದು.

ಮೇಷ್ಟರ ಮುಖ ಬಹಳ ದಿನಗಳ ಮೇಲೆ ಅರಳಿತು. ಒಂಬತ್ತನೆಯ ತರಗತಿಗೆ ಅಷ್ಟು ವರುಷ ಹೇಳಿಕೊಟ್ಟ ಸರಳರೇಖೆಯ ಪಾಠ, ಹೆಂಡತಿಯ ಕೊನೆಯ ಮಾತನ್ನು ನಡೆಸಿಕೊಡಲು ಮನೆಗೆ ಬಂದು ನಿಂತಿತ್ತು.

ಆಗ ಹುಡುಗನು ಕೇಳಿದನು: “ಎಷ್ಟು ಜನ ಸೇರಿದರೆ ತೆರೆಯಬೇಕು, ತಾತ? ಇಬ್ಬರೋ, ಮೂವರೋ? ಮೂವರೆಂದರೆ ಗೆರೆಯ ಬದಲು ಪರವಲಯ. ಯಂತ್ರಕ್ಕೆ ಎರಡೂ ಒಂದೇ.”

ಮೇಷ್ಟರು ಆ ದಿನ ಉತ್ತರ ಹೇಳಲಿಲ್ಲ. ಒಂದು ವಾರ ಹೇಳಲಿಲ್ಲ. ಮೂವರೂ ಬೇಕೆಂದು ಕಟ್ಟಿದರೆ, ಅಣ್ಣತಮ್ಮಂದಿರು ಒಂದಾಗದೆ ತಾಯಿಯ ಮಾತು ತೆರೆಯದು. ಅದನ್ನು ಓದುವ ಆಸೆಯಿಂದಲಾದರೂ ಒಂದಾದಾರು. ಆದರೆ ಒಬ್ಬನು ಹಠ ಹಿಡಿದರೆ, ಒಂದು ಕಾಗದ ಕಳೆದರೆ, ಒಂದು ಸಾವು ಮುಂಚೆ ಬಂದರೆ, ಅದು ಎಂದೆಂದಿಗೂ ಮುಚ್ಚಿಯೇ ಹೋಯಿತು, ಭುವನೈಕರಾಮಾಭ್ಯುದಯದ ದಾರಿ. ಇಬ್ಬರು ಸಾಕೆಂದು ಕಟ್ಟಿದರೆ ಒಂದು ಪಾಲು ಹೋದರೂ ಮಾತು ಉಳಿಯುತ್ತದೆ. ಆದರೆ ಇಬ್ಬರು ಸೇರಿ ಮೂರನೆಯವನನ್ನು ಹೊರಗಿಟ್ಟು ಓದಬಹುದು. ಮೈಸೂರಿನ ಮಗಳು ಯಾವ ತಮ್ಮಣ್ಣನ ಪಕ್ಕ ಕುಳಿತರೆ ಆ ಪಕ್ಕಕ್ಕೆ ಬೀಗ ತೆರೆಯುತ್ತದೆ. ಭದ್ರ ಮಾಡಿದಷ್ಟೂ ಕಳೆಯುವ ಭಯ. ಕಳೆಯದಂತೆ ಮಾಡಿದಷ್ಟೂ ಸೋರುವ ಭಯ. ಇದು ಯಂತ್ರಗಳ ಉಗ್ರಾಣದಲ್ಲಿ ದಿನವೂ ತೂಗಿ ನೋಡುವ ವಿಷಯವೇ. ಅಲ್ಲಿ ತಕ್ಕಡಿಯಲ್ಲಿ ಯಂತ್ರಗಳಿರುತ್ತವೆ, ಇಲ್ಲಿ ಮಕ್ಕಳಿದ್ದರು. ಗಣಿತಕ್ಕೆ ಎಷ್ಟು ಜನವೆಂಬುದು ಗೊತ್ತು, ಯಾರು ಯಾರೆಂಬುದು ಗೊತ್ತಿಲ್ಲ.

ಕೊನೆಗೆ ಅವರು ಹೆಂಡತಿ ಆಡಿದ ಮಾತಿಗೇ ಹಿಂದಿರುಗಿದರು. ಆಕೆ ‘ಎಲ್ಲರೂ ಸೇರಿಯೇ ಓದಲಿ’ ಎನ್ನಲಿಲ್ಲ. ‘ಒಬ್ಬೊಬ್ಬರೇ ಓದುವುದು ಬೇಡ’ ಎಂದರು. ಮೂವರು ಒಂದಾಗುವರೆಂಬ ನೆಚ್ಚಿಕೆ ಆಕೆಗಿರಲಿಲ್ಲವೋ, ಇಬ್ಬರಾದರೂ ಒಂದಾಗಿಯೇ ಇರುವರೆಂಬ ನೆಚ್ಚಿಕೆ ಇತ್ತೋ ಹೇಳಬಲ್ಲವರಿಲ್ಲ. ಮೇಷ್ಟರು ಇಬ್ಬರು ಸಾಕೆಂದರು.

ಹಾಳೆಗಳ ಚಿತ್ರ ತೆಗೆಯಬೇಕಾಯಿತು. ಮೊಬೈಲು ಬೇಡವೆಂದು ಹುಡುಗನು ತಾನಾಗಿಯೇ ಹೇಳಿದನು. ಅದು ತೆಗೆದ ಚಿತ್ರವನ್ನು ಯಾರನ್ನೂ ಕೇಳದೆ ದೂರದ ಯಂತ್ರಕ್ಕೆ ಕಳಿಸಿ ಅಲ್ಲಿಯೂ ಒಂದು ಪ್ರತಿ ಮಾಡಿಸಿಡುವುದುಂಟು. ಈ ಕಾಲದಲ್ಲಿ ನಕಲು ಮಾಡಿಸುವುದು ಕಷ್ಟವಲ್ಲ, ನಕಲಾಗದಂತೆ ನೋಡಿಕೊಳ್ಳುವುದು ಕಷ್ಟ. ಒಂದು ಹಳೆಯ ಕ್ಯಾಮರಾ ಸಿಕ್ಕಿತು. ಮೇಷ್ಟರು ದೇವರಿಗೆ ಕೈಮುಗಿದು ಕತ್ತರಿಯಿಂದ ಕಪ್ಪು ನೂಲನ್ನು ಕತ್ತರಿಸಿದರು. ಆಮೇಲೆ ಕನ್ನಡಕವನ್ನು ತೆಗೆದು ಮೇಜಿನ ಮೇಲಿಟ್ಟರು. ಕನ್ನಡಕವಿಲ್ಲದೆ ಅವರಿಗೆ ಹಾಳೆಯ ಮೇಲೆ ಸಾಲುಗಳು ಇರುವೆಯ ಸಾಲಿನಂತೆ ಕಾಣುತ್ತವೆಯೇ ಹೊರತು ಅಕ್ಷರ ಕಾಣುವುದಿಲ್ಲ. ಹುಡುಗನು ಗೋಡೆಯ ಕಡೆಗೆ ತಿರುಗಿ ನಿಂತನು. ಮೇಷ್ಟರು ಒಂದೊಂದು ಹಾಳೆಯನ್ನೂ ಕೈಯಿಂದ ಸವರಿ ಮಟ್ಟಸಮಾಡಿ ಗುಂಡಿ ಒತ್ತಿದರು. ಚಿತ್ರ ಸ್ಫುಟವಾಗಿದೆಯೇ ಎಂದು ನೋಡಲು, ತೆರೆಯನ್ನೆಲ್ಲ ಕಾಗದದಿಂದ ಮುಚ್ಚಿ, ಮೂಲೆಯಲ್ಲಿ ಆಕೆ ಹಾಕಿದ್ದ ಪುಟಸಂಖ್ಯೆಯನ್ನು ಮಾತ್ರ ಹುಡುಗನು ಓದಿದನು. ಕೆಲಸ ಮುಗಿಯುವ ಹೊತ್ತಿಗೆ ದೀಪ ಹಚ್ಚುವ ಹೊತ್ತಾಗಿತ್ತು.

ಚಿತ್ರಗಳಿಗೆಲ್ಲ ಒಂದು ಬೀಗ ಬಿದ್ದಿತು. ಬೀಗದ ಕೈಯೆಂದರೆ ಎಪ್ಪತ್ತೆಂಟು ಅಂಕಿಗಳವರೆಗೆ ಬೆಳೆಯಬಹುದಾದ ಒಂದು ಸಂಖ್ಯೆ. ಬೀಗ ಹಾಕಿದ ಕಟ್ಟನ್ನು ಮೂವರಿಗೂ ಕೊಡಬಹುದು, ಹತ್ತು ಕಡೆ ಇಡಬಹುದು. ಕೈ ಇಲ್ಲದವರಿಗೆ ಅದು ಬರಿಯ ಮರಳು. ಆ ಸಂಖ್ಯೆಯನ್ನೇ ಮೂರು ಪಾಲಾಗಿ ಮಾಡಿದ್ದು.

“ನಿನ್ನ ಕಂಪ್ಯೂಟರಿನಲ್ಲಿ ಈಗ ಅದು ಇದೆಯಲ್ಲಪ್ಪ. ಅಳಿಸುತ್ತೀಯೆ?”

“ಅಳಿಸಿದರೆ ಅಳಿಸಿತೆಂದು ಹೇಳಲಾಗುವುದಿಲ್ಲ, ತಾತ. ಹೆಸರು ಹೋಗುತ್ತದೆ, ಅಕ್ಷರ ಕೆಲವು ಕಾಲ ಡಿಸ್ಕಿನಲ್ಲಿ ಇದ್ದೇ ಇರಬಹುದು. ಅದಕ್ಕೇ ನಾನು ಡಿಸ್ಕಿಗೆ ಇಳಿಸಲೇ ಇಲ್ಲ. ವಿದ್ಯುತ್ತು ಇರುವವರೆಗೆ ಮಾತ್ರ ನೆನಪಿರುವ ಕಡೆಯಲ್ಲಿ ಎಲ್ಲವನ್ನೂ ಮಾಡಿದೆ. ಈಗ ಆರಿಸಿಬಿಡುತ್ತೇನೆ.”

ಆರಿಸುವುದಕ್ಕೆ ಮುಂಚೆ ಮೇಷ್ಟರು ಮೂರು ಪಾಲನ್ನೂ ಮೂರು ಕಾಗದಗಳ ಮೇಲೆ ತಮ್ಮ ಕೈಯಿಂದ ಐದೈದು ಅಂಕಿಗಳ ಗುಂಪುಮಾಡಿ ಬರೆದರು. ಲಿಪಿಕಾರನ ಕೈತಪ್ಪಿಗೆ ಹೆದರಿ, ಕೆಳಗೆ ಒಂಬತ್ತರಿಂದ ಭಾಗಿಸಿದ ಶೇಷವನ್ನು ಹಾಕಿದರು. ಪಕ್ಕದ ಎರಡು ಅಂಕಿಗಳು ಅದಲುಬದಲಾದರೆ ಒಂಬತ್ತಕ್ಕೆ ಗೊತ್ತಾಗುವುದಿಲ್ಲವೆಂದು ಹನ್ನೊಂದರ ಶೇಷವನ್ನೂ ಹಾಕಿದರು. ಹುಡುಗನು ನೋಡಿ, ತಮ್ಮ ಉಗ್ರಾಣದಲ್ಲಿಯೂ ಪ್ರತಿಯೊಂದು ತುಂಡಿಗೂ ಇಂಥ ಒಂದು ಶೇಷ ಅಂಟಿಸಿರುತ್ತಾರೆಂದು ಹೇಳಿ ನಕ್ಕನು. ಕ್ಯಾಮರಾದೊಳಗಿನ ಕಾರ್ಡನ್ನು ಮೇಷ್ಟರು ಅಡಿಗೆಮನೆಗೆ ಕೊಂಡುಹೋಗಿ ಹೆಂಡತಿ ಶುಂಠಿ ಜಜ್ಜುತ್ತಿದ್ದ ಕುಟ್ಟಾಣಿಯಲ್ಲಿ ಹಾಕಿ ಕುಟ್ಟಿದರು. ಆ ರಾತ್ರಿ ಸೂಜಿಗೆ ಕಪ್ಪು ನ��ಲು ಪೋಣಿಸಿ ಹಾಳೆಗಳನ್ನು ಮತ್ತೆ ಹೊಲಿದರು. ಹೊಲಿಗೆ ಮೊದಲಿನಂತೆ ನೇರವಾಗಿ ಬರಲಿಲ್ಲ. ಈ ಮೂಲಪ್ರತಿ ಇರುವವರೆಗೆ ಉಳಿದ ಏರ್ಪಾಡಿನ ಭದ್ರತೆಯೆಲ್ಲ ಬೀರುವಿನ ಬೀಗದಷ್ಟೇ ಎಂದು ಹುಡುಗನು ಎಚ್ಚರಿಸಿದ್ದನು. ಮೇಷ್ಟರು ಅದನ್ನು ಸುಡಲಾರರು. ಮೇಲಣ ಅರೆಗೆ ಏರಿಸಿ ಬೀಗ ಹಾಕಿ, ಬೀಗದ ಕೈಯನ್ನು ಜನಿವಾರಕ್ಕೆ ಕಟ್ಟಿಕೊಂಡರು.

ಹಾಡುಗಳ ವಿಷಯ ಸುಲಭವಾಯಿತು. ಅವನ್ನೂ ಹುಳಿಪುಡಿಯ ಲೆಕ್ಕವನ್ನೂ ಕೈಯಿಂದ ಬರೆದು, ಜೆರಾಕ್ಸ್ ಮಾಡಿಸಿ, ನಂಟರಿಗೂ ನೆರೆಯವರಿಗೂ ಕೇಳಿದವರಿಗೂ ಕೇಳದವರಿಗೂ ಹಂಚಿದರು. ಕರಗಿಹೋದ ಎರಡು ಸಾಲಿನ ಜಾಗವನ್ನು ಬರಿದಾಗಿಯೇ ಬಿಟ್ಟರು.

ಹಿರಿಯ ಮಗನ ಪಾಲು ಅಂಚೆಯಲ್ಲಿ ಸಮುದ್ರ ದಾಟಿತು. ಮಗಳು ಬಂದಾಗ ಅವಳ ಪಾಲನ್ನು ಕುಂಕುಮದೊಡನೆ ಕೊಟ್ಟರು. ಅವಳು ಕಣ್ಣಿಗೊತ್ತಿಕೊಂಡು ಒಂದು ಮಾತೂ ಆಡದೆ ಚೀಲದಲ್ಲಿ ಇಟ್ಟುಕೊಂಡಳು. ಕಿರಿಯ ಮಗ ಬಂದುದು ಒಂದು ಭಾನುವಾರ ಬೆಳಗ್ಗೆ. ಕಾಗದವನ್ನು ಆಚೆ ಈಚೆ ತಿರುಗಿಸಿ ನೋಡಿದನು.

“ಇದೊಂದರಿಂದ ಏನೂ ತಿಳಿಯುವುದಿಲ್ಲವೆ, ಅಪ್ಪ?”

“ಏನೂ ತಿಳಿಯುವುದಿಲ್ಲ.”

“ಅಕ್ಕನದು ಸೇರಿದರೆ?”

“ತೆರೆಯುತ್ತದೆ.”

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದನು. ಒಲೆಯ ಮೇಲೆ ಕಾಫಿಗೆ ನೀರು ಕುದಿಯುವ ಸದ್ದು ಕೇಳುತ್ತಿತ್ತು.

“ಅಣ್ಣನದು ಸೇರಿದರೂ?”

“ಅವನದು ಸೇರಿದರೂ.”

ಕಾಗದವನ್ನು ನಾಲ್ಕು ಮಡಿಕೆ ಮಡಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡನು. ಕಾಫಿ ಕುಡಿದನು. ಹೊರಡುವಾಗ ಗೇಟಿನ ಅಗುಳಿಯ ಮೇಲೆ ಕೈಯಿಟ್ಟು, ಬೀದಿಯ ಕಡೆಗೆ ನೋಡುತ್ತಲೇ ಕೇಳಿದನು: “ಅಲ್ಲಿ ಈಗ ಗಂಟೆ ಎಷ್ಟಿರಬಹುದು?”

ಮೇಷ್ಟರು ಗಡಿಯಾರ ನೋಡದೆಯೇ ಹೇಳಿದರು.